ಇಪ್ಪತ್ತು ಮಾರು, ಹದಿನೈದು ಮಾರು: ಪೌಲನ ಹಡಗು ಒಡೆದ ಪ್ರಕರಣ

ಕ್ರಿ.ಶ. 59 ಅಥವಾ 60ರ ಶರತ್ಕಾಲ. ಈಜಿಪ್ಟಿನ ಗೋಧಿ ತುಂಬಿಕೊಂಡು ಇಟಲಿಗೆ ಹೊರಟಿದ್ದ ಅಲೆಕ್ಸಾಂಡ್ರಿಯದ ಹಡಗೊಂದು ಕ್ರೀಟ್ ದ್ವೀಪದ ದಕ್ಷಿಣಕ್ಕೆ ಬಿರುಗಾಳಿಗೆ ಸಿಕ್ಕಿತು. ಹದಿನಾಲ್ಕನೆಯ ರಾತ್ರಿ ಮಾಲ್ಟಾದ ಹತ್ತಿರ ಬಂತು, ಬೆಳಗ್ಗೆ ನೆಲಕ್ಕೆ ಹತ್ತಿ ಒಡೆಯಿತು. ಹಡಗು ಹೋಯಿತು, ಸರಕು ಹೋಯಿತು. ಮೇಲಿದ್ದ 276 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಅವರಲ್ಲಿ ಒಬ್ಬ ಕೈದಿ ಪೌಲ, ಯೇಸುವಿನ ಸಂದೇಶ ಸಾರುತ್ತಿದ್ದವನು. ರೋಮನ್ ಚಕ್ರವರ್ತಿ ಕೈಸರನ ಮುಂದೆ ವಿಚಾರಣೆಗೆಂದು ಅವನನ್ನು ರೋಮಿಗೆ ಒಯ್ಯುತ್ತಿದ್ದರು. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 27ನೇ ಅಧ್ಯಾಯ ಪೂರ್ತಿ ಈ ಪ್ರಯಾಣದ್ದೇ.

ಹಳೆಯ ಸಾಹಿತ್ಯದಲ್ಲಿ ಹಡಗು ಒಡೆದ ಕಥೆಗಳಿಗೆ ಬರವಿಲ್ಲ. ಬೆಟ್ಟದಂಥ ಅಲೆ, ಕಾಡಿಗೆಯಂಥ ಆಕಾಶ, ದೇವತೆಗಳ ಕೋಪ ಎಲ್ಲ ಅಲ್ಲಿ ಧಾರಾಳ. ಈ ಅಧ್ಯಾಯದಲ್ಲಿ ಅಲೆಯ ಎತ್ತರದ ಮಾತೇ ಇಲ್ಲ. ಬರೆದವನು (ಸಂಪ್ರದಾಯದ ಪ್ರಕಾರ ಲೂಕ) ನಾವಿಕನಲ್ಲ, ಆದರೆ ಕಣ್ಣಿಟ್ಟು ನೋಡಿದವನು. ಗಾಳಿಯ ಹೆಸರು, ನೀರಿನ ಆಳ, ಲಂಗರು ಎಷ್ಟು, ಅದನ್ನು ಹಡಗಿನ ಯಾವ ತುದಿಯಿಂದ ಇಳಿಸಿದರು ಎಂಬುದನ್ನೆಲ್ಲ ಬರೆದಿಟ್ಟಿದ್ದಾನೆ. ಹಾಗಾಗಿ ಇದನ್ನು ಅಪಘಾತದ ವರದಿಯಂತೆ ಓದಲು ಬರುತ್ತದೆ. ಹಾಗೆ ಓದಿದಾಗ ನಮಗೆ ಕಾಣುವುದಿಷ್ಟು: ಹಡಗನ್ನು ಕಳೆದದ್ದು ರೇವು ಬಿಡುವಾಗಿನ ಒಂದು ಲೆಕ್ಕಾಚಾರ, ಜನರನ್ನು ಉಳಿಸಿದ್ದು ಆಮೇಲಿನ ಹದಿನಾಲ್ಕು ದಿನಗಳ ಕಸುಬುದಾರಿಕೆ.

ದಾರಿ ಮತ್ತು ಹಡಗು

ಅಲೆಕ್ಸಾಂಡ್ರಿಯದಿಂದ ರೋಮಿಗೆ ನೇರ ದಾರಿ ವಾಯವ್ಯಕ್ಕೆ. ಬೇಸಿಗೆಯಲ್ಲಿ ಅಲ್ಲಿ ಬೀಸುವ ಗಾಳಿಯೂ ವಾಯವ್ಯದಿಂದಲೇ. ಒಂದೇ ದೊಡ್ಡ ಚೌಕದ ಹಾಯಿ ಇರುವ ಹಡಗು ಎದುರುಗಾಳಿಗೆ ಏರಲಾರದು. ಅದಕ್ಕೆ ಗೋಧಿ ಹಡಗುಗಳು ಮೊದಲು ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೋಗಿ, ಇಂದಿನ ಟರ್ಕಿಯ ದಕ್ಷಿಣ ದಂಡೆಯ ಮುರ ಪಟ್ಟಣ ಮುಟ್ಟಿ, ಅಲ್ಲಿಂದ ದಂಡೆಯ ಮರೆ ಹಿಡಿದು ಪಶ್ಚಿಮಕ್ಕೆ ತಿರುಗುತ್ತಿದ್ದವು. ಮುರದ ರೇವಾದ ಆಂದ್ರಿಯಾಕೆಯಲ್ಲಿ ಮುಂದೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ ಕಣಜದ ಗೋಡೆಗಳು ಇಂದಿಗೂ ನಿಂತಿವೆ. ಪ್ಯಾಲೆಸ್ಟೈನಿನ ರೇವಾದ ಕೈಸರೈಯದಿಂದ ದಂಡೆಯ ಚಿಕ್ಕ ಹಡಗಿನಲ್ಲಿ ಬಂದ ಶತಾಧಿಪತಿ (ರೋಮನ್ ಸೇನೆಯ ಅಧಿಕಾರಿ) ಯೂಲ್ಯ ತನ್ನ ಕೈದಿಗಳನ್ನು ದೊಡ್ಡ ಹಡಗಿಗೆ ಹತ್ತಿಸಿದ್ದು ಈ ಮುರದಲ್ಲೇ.

ದೊಡ್ಡದು ಎಂದರೆ ಎಷ್ಟು? ಈ ಹಡಗಿನ ಅಳತೆ ಲೂಕ ಕೊಟ್ಟಿಲ್ಲ. ನೂರು ವರ್ಷದ ನಂತರ ಇದೇ ದಾರಿಯಲ್ಲಿ ಗಾಳಿ ತಪ್ಪಿ ಅಥೆನ್ಸಿನ ರೇವಿಗೆ ಬಂದ ‘ಐಸಿಸ್’ ಎಂಬ ಗೋಧಿ ಹಡಗಿನ ಲೆಕ್ಕವನ್ನು ಗ್ರೀಕ್ ಲೇಖಕ ಲೂಸಿಯನ್ ಬರೆದಿಟ್ಟಿದ್ದಾನೆ: ಉದ್ದ 120 ಮೊಳ, ಅಗಲ 30 ಮೊಳಕ್ಕೆ ಮೇಲೆ, ಅಟ್ಟದಿಂದ ತಳದವರೆಗೆ 29 ಮೊಳ. ಎಂದರೆ ಸುಮಾರು 55 ಮೀಟರ್ ಉದ್ದ, 14 ಮೀಟರ್ ಅಗಲ. ಅದು ನೋಡಲು ಜನ ಸೇರಿದಂಥ ಹಡಗು. ಪೌಲನದು ಅಷ್ಟು ದೊಡ್ಡದಿರಲೇಬೇಕೆಂದಿಲ್ಲ. ಆದರೆ ಗೋಧಿಯ ಮೇಲೆ 276 ಜನ ಹಿಡಿಸುವ ಹಡಗು ಸಣ್ಣದೂ ಅಲ್ಲ.

ಮುಂದಿನ ಕಥೆಗೆ ಬೇಕಾಗುವ ಭಾಗಗಳು ಇವು. ನಡುವೆ ಒಂದು ದಪ್ಪ ಕೂವೆಮರ, ಅದರ ಅಡ್ಡಮರಕ್ಕೆ ಕಟ್ಟಿದ ದೊಡ್ಡ ಹಾಯಿ. ಮುಂದೆ ಓರೆಯಾಗಿ ಚಾಚಿದ ಚಿಕ್ಕ ಕಂಬಕ್ಕೆ ಇನ್ನೊಂದು ಪುಟ್ಟ ಹಾಯಿ. ಗ್ರೀಕರು ಅದನ್ನು ‘ಆರ್ತೆಮೋನ್’ ಎನ್ನುತ್ತಿದ್ದರು. ಅದು ಓಟಕ್ಕಿಂತ ಮೂತಿ ತಿರುಗಿಸಲು ಹೆಚ್ಚು ಉಪಯೋಗ. ಚುಕ್ಕಾಣಿ ಒಂದಲ್ಲ, ಎರಡು: ಹಿಂಭಾಗದ ಎಡಬಲಕ್ಕೆ ಒಂದೊಂದು ಭಾರಿ ಹುಟ್ಟು. ಒಡಲು ಕಟ್ಟುವ ರೀತಿಯೇ ಬೇರೆ. ಮೊದಲು ಚೌಕಟ್ಟು ನಿಲ್ಲಿಸಿ ಆಮೇಲೆ ಹಲಗೆ ಬಡಿಯುತ್ತಿರಲಿಲ್ಲ. ಹಲಗೆಯ ಅಂಚಿಗೆ ಗುಳಿ ಕೊರೆದು, ಎರಡು ಹಲಗೆಗಳ ನಡುವೆ ಮರದ ಬಿಲ್ಲೆ ಕೂರಿಸಿ, ಅಡ್ಡಗೂಟ ಹೊಡೆದು ಚಿಪ್ಪಿನಂತೆ ಮೊದಲು ಒಡಲನ್ನೇ ಕಟ್ಟುತ್ತಿದ್ದರು. ಈ ಕಟ್ಟು ಬಲವಾದದ್ದೇ. ಆದರೆ ಬಲವೆಲ್ಲ ಸಂದುಗಳಲ್ಲಿದೆ. ದಿನಗಟ್ಟಲೆ ಅಲೆ ತಿರುಚಿದರೆ ಸಂದು ಬಾಯಿ ಬಿಡುತ್ತದೆ, ನೀರು ಗೋಧಿಗೆ ಇಳಿಯುತ್ತದೆ. ನೆನೆದ ಗೋಧಿ ಉಬ್ಬಿ ಒಳಗಿನಿಂದ ಹಲಗೆಯನ್ನು ಒತ್ತುತ್ತದೆ. ಗೋಧಿ ಹಡಗಿಗೆ ಹೊರಗಿನ ನೀರಿಗಿಂತ ಒಳಗೆ ಬಂದ ನೀರಿನ ಭಯವೇ ಹೆಚ್ಚು.

ಚಂದದ ರೇವಿನಲ್ಲಿ

ಮುರದಿಂದ ಇಂದಿನ ಟರ್ಕಿಯ ನೈಋತ್ಯ ಮೂಲೆಯ ಕ್ನೀದಕ್ಕೆ ಸುಮಾರು 130 ನಾಟಿಕಲ್ ಮೈಲಿ. ಹದವಾದ ಗಾಳಿಯಿದ್ದರೆ ಎರಡು ದಿನದ ದಾರಿ. ಇವರಿಗೆ ‘ಬಹು ದಿನ’ ಹಿಡಿಯಿತು. ಕ್ನೀದ ದಾಟಿದ ಮೇಲೆ ದಂಡೆಯ ಮರೆ ಮುಗಿದು ಎದುರುಗಾಳಿ ನೇರ ಮುಖಕ್ಕೆ ಬಡಿಯಿತು. ದಕ್ಷಿಣಕ್ಕೆ ಜಾರಿ, ಕ್ರೀಟಿನ ಪೂರ್ವ ತುದಿಯ ಸಲ್ಮೋನೆ ಸುತ್ತಿ, ದ್ವೀಪದ ಕೆಳಗಿನ ಮರೆಯಲ್ಲಿ ತೆವಳುತ್ತ ಕಾಲೋಯ್ ಲಿಮೆನೆಸ್ ಎಂಬಲ್ಲಿಗೆ ಬಂದರು. ಹೆಸರಿನ ಅರ್ಥ ‘ಚಂದದ ರೇವುಗಳು’. ಅದೇ ಹೆಸರು ಈಗಲೂ ಇದೆ. ಈಗ ಅಲ್ಲಿ ಹಡಗುಗಳಿಗೆ ಎಣ್ಣೆ ತುಂಬಿಸುತ್ತಾರೆ. ಅಲ್ಲಿಂದ ಮುಂದೆ ಮತಾಲದ ಭೂಶಿರ ದಾಟಿದರೆ ಕ್ರೀಟಿನ ದಂಡೆ ಉತ್ತರಕ್ಕೆ ಸರಿದುಬಿಡುತ್ತದೆ. ವಾಯವ್ಯದ ಗಾಳಿಗೆ ಮರೆ ಕೊಡುವ ಕೊನೆಯ ಜಾಗ ಇದೇ.

ಅಷ್ಟರಲ್ಲಿ ‘ಉಪವಾಸ ದಿನವೂ ಕಳೆದಿತ್ತು’. ಇದು ಯೆಹೂದ್ಯರ ಪ್ರಾಯಶ್ಚಿತ್ತದ ದಿನ. 59ನೇ ಇಸವಿ ಎಂದು ಹಿಡಿದರೆ ಅಕ್ಟೋಬರ್ 5ರ ಸುಮಾರಿಗೆ ಬೀಳುತ್ತದೆ. ರೋಮನ್ ಲೇಖಕ ವೆಗೆಟಿಯಸ್ ಕೊಟ್ಟ ಲೆಕ್ಕದಲ್ಲಿ ಮೇ 27ರಿಂದ ಸೆಪ್ಟೆಂಬರ್ 14ರವರೆಗೆ ಸಮುದ್ರ ನಂಬಿಕೆಗೆ ತಕ್ಕದ್ದು. ನವೆಂಬರ್ 10ರ ನಂತರ ಮಾರ್ಚ್ 10ರವರೆಗೆ ಮುಚ್ಚಿದ ಸಮುದ್ರ. ಇವರು ನಡುವಿನ ಅನುಮಾನದ ತಿಂಗಳುಗಳಲ್ಲಿದ್ದರು. ಮುಚ್ಚುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ದಿಕ್ಸೂಚಿ ಇಲ್ಲದ ಕಾಲದಲ್ಲಿ ದಾರಿ ತೋರುವವರು ಹಗಲು ಸೂರ್ಯ, ರಾತ್ರಿ ನಕ್ಷತ್ರ. ಚಳಿಗಾಲದ ಮೋಡ ಇಬ್ಬರನ್ನೂ ನುಂಗುತ್ತದೆ.

ಇನ್ನು ಮುಂದೆ ಹೋಗುವುದು ಬೇಡ ಎಂದ ಪೌಲ. ಕೈದಿಯ ಮಾತೆಂದು ತಳ್ಳಿಹಾಕುವಂತಿರಲಿಲ್ಲ; ಈ ಪ್ರಯಾಣಕ್ಕೆ ಮೊದಲೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ತನ್ನ ಹಡಗು ಮೂರು ಸಾರಿ ಒಡೆದಿದೆ, ಒಂದು ರಾತ್ರಿ ಒಂದು ಹಗಲು ನೀರಿನಲ್ಲೇ ಕಳೆದಿದ್ದೇನೆ ಎಂದು ಹೇಳಿಕೊಂಡವನು ಅವನು. ಆದರೆ ಶತಾಧಿಪತಿ ಕಿವಿಗೊಟ್ಟದ್ದು ಚುಕ್ಕಾಣಿಗನಿಗೆ ಮತ್ತು ಹಡಗಿನ ಯಜಮಾನನಿಗೆ. ಚಂದದ ರೇವು ಪೂರ್ವ, ಆಗ್ನೇಯದ ಗಾಳಿಗೆ ತೆರೆದುಕೊಂಡಿದೆ, ಚಳಿಗಾಲ ಕಳೆಯಲು ಸಾಲದು, ಪಶ್ಚಿಮಕ್ಕೆ 40 ನಾಟಿಕಲ್ ಮೈಲಿ ದೂರದ ಫೊಯಿನಿಕ್ಸ್ ರೇವಿಗೆ ಹೋಗೋಣ ಎಂಬುದು ಹೆಚ್ಚಿನವರ ಮಾತಾಯಿತು.

ಈ ಮಾತು ಮೂರ್ಖತನದ್ದಲ್ಲ. ಫೊಯಿನಿಕ್ಸ್ ನಿಜವಾಗಿಯೂ ಒಳ್ಳೆಯ ರೇವು; ಇಂದಿನ ಲೂತ್ರೋ ಊರಿನ ಆಸುಪಾಸು ಅದರ ಜಾಗ. (ಈಗ ಅಲ್ಲಿಗೆ ಹೋಗಿ ಲೂಕನ ವರ್ಣನೆ ತಾಳೆ ನೋಡುವವರು ಒಂದು ವಿಷಯ ನೆನಪಿಡಬೇಕು: ಕ್ರಿ.ಶ. 365ರ ಭೂಕಂಪದಲ್ಲಿ ಕ್ರೀಟಿನ ಪಶ್ಚಿಮ ಭಾಗ ಕೆಲವೆಡೆ 9 ಮೀಟರಿನಷ್ಟು ಮೇಲೆದ್ದಿದೆ. ಪೌಲನ ಕಾಲದ ದಂಡೆ ಇವತ್ತು ಅಲ್ಲಿಲ್ಲ.) ಯಜಮಾನನಿಗೆ ಹಣದ ಲೆಕ್ಕವೂ ಇತ್ತು. ರೋಮಿನ ಅನ್ನ ಈಜಿಪ್ಟಿನ ಗೋಧಿ. ಚಳಿಗಾಲದಲ್ಲೂ ಧಾನ್ಯ ತರುವ ವರ್ತಕರಿಗೆ ಬಿರುಗಾಳಿಯಿಂದಾದ ನಷ್ಟ ತಾನು ಭರಿಸುತ್ತೇನೆ ಎಂದು ಕ್ಲಾಡಿಯಸ್ ಚಕ್ರವರ್ತಿ ಕೆಲವೇ ವರ್ಷಗಳ ಹಿಂದೆ ಭರವಸೆ ಕೊಟ್ಟಿದ್ದ. ಇಂಥ ಭರವಸೆ ಇದ್ದ ಕಡೆ ಧೈರ್ಯ ತಾನಾಗಿ ಹೆಚ್ಚುತ್ತದೆ.

ತಪ್ಪಿದ್ದು ಹೊರಟ ಗಳಿಗೆಯಲ್ಲಿ. ಮೆಲ್ಲಗೆ ತೆಂಕಣ ಗಾಳಿ ಬೀಸಿತು. ‘ನೆನೆಸಿದ್ದು ಕೈಗೂಡಿತು’ ಎಂದುಕೊಂಡು ಲಂಗರು ಎತ್ತಿದರು. ಗಂಟೆಗೆ ನಾಲ್ಕು ಮೈಲಿ ಹೋದರೂ ಹತ್ತು ತಾಸಿನ ದಾರಿ. ಎಷ್ಟು ಹಗುರವಾಗಿ ಹೊರಟರು ಎಂಬುದಕ್ಕೆ ಒಂದು ಸಾಕ್ಷಿ ಇದೆ: ಸಣ್ಣ ದೋಣಿಯನ್ನು ಹಡಗಿನ ಮೇಲೆ ಎತ್ತಿ ಕಟ್ಟಿರಲಿಲ್ಲ, ಹಗ್ಗಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ದೂರ ಹೋಗುವವರು ಹಾಗೆ ಮಾಡುವುದಿಲ್ಲ. ಪಕ್ಕದೂರಿಗೆ ಹೋಗುವವರು ಮಾಡುತ್ತಾರೆ.

ಆ ದಂಡೆಯಲ್ಲಿ ಮೆಲುವಾದ ತೆಂಕಣ ಗಾಳಿ ಗಳಿಗೆಯಲ್ಲಿ ತಿರುಗಿ ಬಡಗಣ ಬಿರುಗಾಳಿಯಾಗುವುದು ನಾವಿಕರಿಗೆ ಗೊತ್ತಿದ್ದ ಸಂಗತಿ. 2,456 ಮೀಟರ್ ಎತ್ತರದ ಐಡಾ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕುತ್ತದೆ. ಮತಾಲ ದಾಟಿ ಕೊಲ್ಲಿಯ ಬಾಯಿಗೆ ಬರುವಷ್ಟರಲ್ಲಿ ‘ಯೂರಾಕಿಲೋನ್’ ಬಿತ್ತು. ಇದು ಗ್ರೀಕಿನ ಪೂರ್ವಗಾಳಿ ‘ಯೂರಸ್’, ಲ್ಯಾಟಿನಿನ ಈಶಾನ್ಯಗಾಳಿ ‘ಅಕ್ವಿಲೋ’ ಕೂಡಿಸಿ ಮಾಡಿದ ಕಲಬೆರಕೆ ಪದ. ಎರಡೂ ಭಾಷೆಯ ಜನ ಸೇರಿ ನಡೆಸುವ ಹಡಗಿನ ಮಾತು. ಇದು ಲೂಕನ ಸೃಷ್ಟಿಯಲ್ಲ. ಇಂದಿನ ಟ್ಯುನೀಷಿಯದ ದುಗ್ಗದಲ್ಲಿ ನೆಲಗಲ್ಲಿನ ಮೇಲೆ ಕೆತ್ತಿದ ಹನ್ನೆರಡು ಗಾಳಿಗಳ ಚಕ್ರದಲ್ಲೂ ಈ ಹೆಸರಿದೆ.

ಕೌದದ ಮರೆಯಲ್ಲಿ ಒಂದೆರಡು ತಾಸು

ಮೂತಿಯನ್ನು ಗಾಳಿಗೆ ತಿರುಗಿಸಲಾಗದೆ ಓಡಿದ ಹಡಗಿಗೆ ಕೌದ ದ್ವೀಪ (ಈಗಿನ ಗಾವ್ದೋಸ್) ಸಿಕ್ಕಿತು. ಅದರ ಉದ್ದ ಸುಮಾರು 10 ಕಿಲೋಮೀಟರ್ ಅಷ್ಟೇ. ದಕ್ಷಿಣದ ಮರೆಯಲ್ಲಿ ಸಿಕ್ಕಿದ ಅಷ್ಟು ಹೊತ್ತಿನಲ್ಲಿ ಮೂರು ಕೆಲಸ ಮಾಡಿದರು, ಸರಿಯಾದ ಕ್ರಮದಲ್ಲಿ.

ಮೊದಲು ದೋಣಿ. ಅಷ್ಟರಲ್ಲಿ ಅದು ನೀರು ತುಂಬಿ ಭಾರವಾಗಿರಬೇಕು. ‘ನಾವು ಕಷ್ಟದಿಂದ ಅದನ್ನು ಹಿಡಿದುಕೊಂಡೆವು’ ಎನ್ನುತ್ತಾನೆ ಲೂಕ. ಆ ‘ನಾವು’ ಗಮನಿಸಿ: ಹಗ್ಗ ಎಳೆಯಲು ಪ್ರಯಾಣಿಕರನ್ನೂ ಕರೆದಿದ್ದಾರೆ. ಮುಂದಿನ ಕೆಲಸಕ್ಕೆ ‘ಅವರು’ ಎಂದು ಬದಲಾಗುತ್ತದೆ, ಏಕೆಂದರೆ ಅದು ಕಸುಬುದಾರರದ್ದು.

ಎರಡನೆಯದು ನಡುಕಟ್ಟು. ದಪ್ಪ ಹಗ್ಗವನ್ನು ಮೂತಿಯ ಕಡೆಯಿಂದ ಕೆಳಗೆ ಬಿಟ್ಟು, ಒಡಲಿನ ಅಡಿಯಿಂದ ಹಿಂದಕ್ಕೆ ಜಾರಿಸಿ, ಎರಡೂ ತುದಿಯನ್ನು ಅಟ್ಟದ ಮೇಲೆ ತಿರುಚಿ ಬಿಗಿಯುವುದು. ಬಾಯಿ ಬಿಡುತ್ತಿರುವ ಸಂದುಗಳನ್ನು ಪೀಪಾಯಿಗೆ ಪಟ್ಟಿ ಹಾಕಿದಂತೆ ಅದುಮಿಡುವ ಉಪಾಯ ಇದು. ಅಥೆನ್ಸಿನ ಯುದ್ಧದ ಹಡಗುಗಳ ಸಾಮಾನು ಪಟ್ಟಿಗಳಲ್ಲೂ ‘ಹೂಪೊಜೋಮ’ ಎಂಬ ಇಂಥ ಹಗ್ಗ ಬರುತ್ತದೆ. ಅಲ್ಲಿ ಅದನ್ನು ಉದ್ದಕ್ಕೆ ಕಟ್ಟುತ್ತಿದ್ದರೆಂದು ಹಲವರ ಮತ. ಇಲ್ಲಿ ಬಿರುಗಾಳಿಯ ನಡುವೆ ಮಾಡಬಹುದಾದದ್ದು ಅಡ್ಡಕ್ಕೆ ಕಟ್ಟುವುದೇ.

ಮೂರನೆಯದರ ಮೇಲೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಮೂಲದಲ್ಲಿರುವುದು ‘ಸಾಮಾನು ಇಳಿಸಿದರು’ ಎಂಬ ಎರಡೇ ಮಾತು. ವೇಗ ತಗ್ಗಿಸಲು ನೀರಿಗೆ ಏನನ್ನೋ ಇಳಿಬಿಟ್ಟರು ಎಂದು ಕೆಲವರು, ದೊಡ್ಡ ಹಾಯಿಯ ಅಡ್ಡಮರ ಕೆಳಗಿಳಿಸಿದರು ಎಂದು ಕೆಲವರು. ಯಾವುದಾದರೂ ಉದ್ದೇಶ ಒಂದೇ. ನೈಋತ್ಯಕ್ಕೆ, ಲಿಬಿಯದ ದಂಡೆಯಲ್ಲಿ ಸುರ್ತಿಸ್ ಎಂಬ ಮರಳು ದಿಬ್ಬಗಳ ಕೊಲ್ಲಿ ಬಾಯಿ ತೆರೆದು ಕೂತಿತ್ತು. ಈಶಾನ್ಯದ ಗಾಳಿಗೆ ಹಡಗನ್ನು ಓಡಲು ಬಿಟ್ಟರೆ ನೇರ ಅಲ್ಲಿಗೇ. ಆದ್ದರಿಂದ ಮೂತಿಯನ್ನು ಉತ್ತರದ ಕಡೆಗೆ ಇಟ್ಟು, ಗಾಳಿಯನ್ನು ಬಲಮಗ್ಗುಲಿಗೆ ತೆಗೆದುಕೊಂಡು, ಅಡ್ಡಡ್ಡವಾಗಿ ಪಶ್ಚಿಮಕ್ಕೆ ಜಾರುತ್ತ ಹೋಗಬೇಕು. ಹಾಗೆ ಮಾಡಿದರೆಂದು ಲೂಕ ಬಾಯಿಬಿಟ್ಟು ಹೇಳುವುದಿಲ್ಲ. ಹಡಗು ಕೊನೆಗೆ ಮುಟ್ಟಿದ ಜಾಗ ಹೇಳುತ್ತದೆ.

19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಹಾಯಿದೋಣಿಗ ಜೇಮ್ಸ್ ಸ್ಮಿತ್ ಈ ಲೆಕ್ಕ ಹಾಕಿದ. ಹೀಗೆ ಅಡ್ಡಕ್ಕೆ ಜಾರುವ ಹಡಗಿನ ವೇಗ ಗಂಟೆಗೆ ಸುಮಾರು ಒಂದೂವರೆ ಮೈಲಿ, ದಿನಕ್ಕೆ 36. ಗಾವ್ದೋಸಿನಿಂದ ಮಾಲ್ಟಾದ ಕೌರಾ ಭೂಶಿರಕ್ಕೆ ಸುಮಾರು 475 ನಾಟಿಕಲ್ ಮೈಲಿ. ಭಾಗಿಸಿದರೆ ಹದಿಮೂರು ದಿನ ಮತ್ತು ಕೆಲವು ತಾಸು. ದಿಕ್ಕೂ ಕೂಡುತ್ತದೆ: ಪಶ್ಚಿಮದಿಂದ ಎಂಟು ಡಿಗ್ರಿಯಷ್ಟು ಉತ್ತರಕ್ಕೆ. ಹಡಗು ಒಡೆದ ದ್ವೀಪವನ್ನು ಲೂಕ ಮೆಲೀತೆ ಎನ್ನುತ್ತಾನೆ. ಅದು ಮಾಲ್ಟಾ ಅಲ್ಲ, ಏಡ್ರಿಯಾಟಿಕ್ ಸಮುದ್ರದ ಇನ್ನೊಂದು ದ್ವೀಪ ಎಂಬ ವಾದವೂ ಇದೆ. ಹಡಗು ‘ಆದ್ರಿಯ’ದಲ್ಲಿ ತೊಳಲುತ್ತಿತ್ತು ಎಂಬ ಮಾತು ಅದಕ್ಕೆ ಆಧಾರ. ಆದರೆ ಆಗ ಆ ಹೆಸರು ಕ್ರೀಟಿನಿಂದ ಸಿಸಿಲಿಯವರೆಗಿನ ನೀರಿಗೂ ಸಲ್ಲುತ್ತಿತ್ತು. ಕೆಲವು ವರ್ಷಗಳ ನಂತರ ಇದೇ ಆದ್ರಿಯದಲ್ಲಿ 600 ಜನರಿದ್ದ ಹಡಗು ಮುಳುಗಿ ತಾನು ರಾತ್ರಿಯಿಡೀ ಈಜಿದೆ ಎಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಲ್ಲಿ ಉಳಿದವರು ಸುಮಾರು 80.

ಯೋನನ ಹಡಗು, ಪೌಲನ ಹಡಗು

ಮರುದಿನ ಸರಕಿನ ಒಂದು ಪಾಲು ನೀರಿಗೆ. ಮೂರನೆಯ ದಿನ ಹಡಗಿನ ಸಾಮಾನು. ಗೋಧಿಯ ಮುಖ್ಯ ರಾಶಿಯನ್ನು ಮಾತ್ರ ಕೊನೆಯವರೆಗೆ ಮುಟ್ಟಲಿಲ್ಲ: ಅದು ರೋಮಿನ ಸೊತ್ತು, ಮೇಲಾಗಿ ಹಡಗನ್ನು ನೆಟ್ಟಗೆ ನಿಲ್ಲಿಸುವ ಭಾರ. ಆಮೇಲೆ ಎಷ್ಟೋ ದಿನ ಸೂರ್ಯನಿಲ್ಲ, ನಕ್ಷತ್ರವಿಲ್ಲ, ಊಟವಿಲ್ಲ. ಆ ಹೊಯ್ದಾಟದಲ್ಲಿ ಒಲೆ ಹಚ್ಚಲಾಗದು, ಹೊಟ್ಟೆಯೂ ನಿಲ್ಲದು.

ಹೀಬ್ರೂ ಧರ್ಮಗ್ರಂಥ ಓದಿ ಬೆಳೆದವನಿಗೆ ಈ ನೀರು ಬರೀ ನೀರಲ್ಲ. ಸಮುದ್ರಕ್ಕೆ ಅಲ್ಲಿ ‘ಯಾಮ್’ ಎನ್ನುತ್ತಾರೆ. ನೆರೆಯ ಉಗಾರಿತ ಎಂಬ ಹಳೆಯ ಪಟ್ಟಣದ ಪುರಾಣದಲ್ಲಿ ಯಾಮ್ ಎಂದರೆ ಮಳೆಗಾಳಿಯ ದೇವರು ಬಾಳನೊಡನೆ ಸೆಣಸುವ ದೇವತೆ. ಇಸ್ರಾಯೇಲ್ಯರು ಅದನ್ನು ದೇವರೆನ್ನಲಿಲ್ಲ, ಆದರೆ ದೇವರು ಗೆರೆ ಎಳೆದು ಕಟ್ಟಿಹಾಕಿದ ಶಕ್ತಿ ಎಂಬ ಭಯ ಉಳಿಯಿತು. ಬೈಬಲಿನ ಕೊನೆಯ ದರ್ಶನದಲ್ಲಿ ಹೊಸ ಭೂಮಿ ಬಂದಾಗ ‘ಸಮುದ್ರವು ಇನ್ನಿಲ್ಲ’. ಅದೇ ಯಾಮ್ ಪದಕ್ಕೆ ‘ಪಶ್ಚಿಮ’ ಎಂಬ ಅರ್ಥವೂ ಇದೆ: ಬೆಟ್ಟದ ಮೇಲೆ ಕುಳಿತು ನೋಡುವ ಒಕ್ಕಲಿಗನಿಗೆ ಸಮುದ್ರ ಹೋಗುವ ಜಾಗವಲ್ಲ, ಒಂದು ದಿಕ್ಕು. ಇಸ್ರಾಯೇಲಿನ ಅರಸ ಸೊಲೊಮೋನ ಕೆಂಪು ಸಮುದ್ರದ ರೇವಾದ ಎಚ್ಯೋನ್ಗೆಬೆರಿನಲ್ಲಿ ಹಡಗು ಕಟ್ಟಿಸಿದಾಗ ನಡೆಸಲು ತೂರಿನ ಅರಸ ಹೀರಾಮನ ನಾವಿಕರು ಬಂದರು. ಮುಂದೆ ಯೆಹೂದದ ಅರಸ ಯೆಹೋಷಾಫಾಟ ಕಟ್ಟಿಸಿದ ಹಡಗುಗಳು ರೇವು ಬಿಡುವ ಮೊದಲೇ ಒಡೆದುಹೋದವು. (ಸೊಲೊಮೋನನ ಹಡಗು ತಂದ ಸಾಮಾನಿನಲ್ಲಿ ‘ತುಕ್ಕೀಯಿಮ್’ ಎಂಬುದೊಂದಿದೆ. ಅದು ನವಿಲು, ಪದ ತಮಿಳಿನ ‘ತೋಗೈ’ಗೆ, ಎಂದರೆ ನಮ್ಮ ಹಳಗನ್ನಡದ ‘ತೋಕೆ’ಗೆ ನೆಂಟ ಎಂಬ ವಾದ ಹಳೆಯದು, ಒಪ್ಪದವರೂ ಇದ್ದಾರೆ.)

ಯೋನನ ಕಥೆಯ ಪಕ್ಕದಲ್ಲಿಟ್ಟರೆ ಈ ಪ್ರಕರಣ ಚೆನ್ನಾಗಿ ತಿಳಿಯುತ್ತದೆ. ಯೋನ ದೇವರ ಅಪ್ಪಣೆ ತಪ್ಪಿಸಿಕೊಂಡು ಓಡಿದ ಪ್ರವಾದಿ. ಅವನು ಹತ್ತಿದ, ಯೊಪ್ಪದಿಂದ ತಾರ್ಷೀಷಿಗೆ ಹೊರಟ ಹಡಗಿನಲ್ಲೂ ಸರಕು ಎಸೆದರು. ಯಾರ ತಪ್ಪೆಂದು ಚೀಟಿ ಹಾಕಿದರು, ಅದು ಯೋನನ ಹೆಸರಿಗೆ ಬಿತ್ತು. ಆಮೇಲೆ ಹುಟ್ಟು ಹಾಕಿ ದಡ ಸೇರಲು ನೋಡಿದರು. ಬಿರುಗಾಳಿಯಲ್ಲಿ ಅದು ಸಾವಿನ ದಾರಿ; ಅನುಭವಸ್ಥರು ದಡದಿಂದ ದೂರ ನಿಲ್ಲಲು ನೋಡುತ್ತಾರೆ. ಕೊನೆಗೆ ಯೋನನನ್ನು ನೀರಿಗೆ ಎಸೆದ ಮೇಲೆ ಸಮುದ್ರ ಶಾಂತವಾಯಿತು. ಪೌಲನ ಹಡಗಿನಲ್ಲಿ ಯಾರು ಪಾಪಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಉಳಿಯುತ್ತೀರಿ ಎಂದು ದೇವದೂತ ಹೇಳಿದ್ದಾನೆಂದು ಪೌಲ ಧೈರ್ಯ ಹೇಳಿದ, ಒಡನೆಯೇ ‘ಆದರೆ ಯಾವುದೋ ದ್ವೀಪಕ್ಕೆ ಬಡಿಯಬೇಕಾಗುತ್ತದೆ’ ಎಂದೂ ಸೇರಿಸಿದ.

ಕೊನೆಯ ರಾತ್ರಿ

ನಡುರಾತ್ರಿ. ‘ಯಾವುದೋ ನೆಲ ತಮ್ಮ ಕಡೆಗೆ ಬರುತ್ತಿದೆ’ ಎಂದು ನಾವಿಕರಿಗೆ ಅನ್ನಿಸಿತು. ನೆಲ ಬರುತ್ತದೆ, ಹಡಗು ನಿಂತಿದೆ: ಇದು ಹಡಗಿನ ಮೇಲೆ ನಿಂತವನ ಮಾತು. ಕೌರಾ ಭೂಶಿರದ ಬಂಡೆಗೆ ಅಲೆ ಅಪ್ಪಳಿಸುವ ಸದ್ದು ಕತ್ತಲಲ್ಲಿ ಅವರ ಕಿವಿಗೆ ಬಿದ್ದಿರಬೇಕು.

ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಸಿದರು. ಅದರ ಅಡಿಯಲ್ಲಿ ಬಟ್ಟಲಿನಂಥ ಗುಳಿ ಇರುತ್ತದೆ. ಅಲ್ಲಿ ಕೊಬ್ಬು ಮೆತ್ತಿದರೆ ತಳದ ಮರಳೋ ಕೆಸರೋ ಅಂಟಿಕೊಂಡು ಬರುತ್ತದೆ. ಎಳೆದುಕೊಳ್ಳುವಾಗ ಎರಡು ಕೈ ಚಾಚಿ ಹಗ್ಗ ಅಳೆಯುತ್ತಾರೆ. ಗ್ರೀಕಿನ ‘ಓರ್ಗುಯಾ’ ಕನ್ನಡದ ಮಾರೇ, ಸುಮಾರು 1.85 ಮೀಟರ್. ಮೊದಲು 20 ಮಾರು, 37 ಮೀಟರ್. ಸ್ವಲ್ಪ ಹೊತ್ತಿನ ಮೇಲೆ 15 ಮಾರು, 28 ಮೀಟರ್. ಒಂದೇ ಅಳತೆಯಿಂದ ಆಳ ಮಾತ್ರ ತಿಳಿಯುತ್ತದೆ; ಎರಡರಿಂದ ನೆಲ ಎಷ್ಟು ಬೇಗ ಏರುತ್ತಿದೆ ಎಂಬುದು ತಿಳಿಯುತ್ತದೆ. ಇನ್ನು ಕಾಯುವಂತಿರಲಿಲ್ಲ.

ನಾಲ್ಕು ಲಂಗರು, ಅದೂ ಹಿಂಭಾಗದಿಂದ. ಸಾಮಾನ್ಯವಾಗಿ ಲಂಗರು ಮೂತಿಯಿಂದ ಬಿಡುವುದು. ಹಾಗೆ ಬಿಟ್ಟಿದ್ದರೆ ಹಡಗು ಗಾಳಿಗೆ ಮುಖ ಮಾಡಿ ಗಿರಕಿ ಹೊಡೆದು ತಿರುಗುತ್ತಿತ್ತು. ಆ ಸುತ್ತಿನಲ್ಲೇ ಬಂಡೆ ತಾಗಬಹುದು, ಬೆಳಗ್ಗೆ ಮತ್ತೆ ದಡದತ್ತ ತಿರುಗಿಸುವ ಕೆಲಸ ಬೇರೆ. ಹಿಂದಿನಿಂದ ಹಿಡಿದರೆ ಮೂತಿ ದಡದ ಕಡೆಗೇ ಇರುತ್ತದೆ. ಹಗ್ಗಕ್ಕೆ ಸಿಕ್ಕದಂತೆ ಚುಕ್ಕಾಣಿಯ ಹುಟ್ಟುಗಳೆರಡನ್ನೂ ಮೇಲೆತ್ತಿ ಕಟ್ಟಿದ್ದರೆಂಬುದು ಬೆಳಗಿನ ಕೆಲಸದಿಂದ ತಿಳಿಯುತ್ತದೆ. ಆ ಕಾಲದ ಲಂಗರು ಮರದ್ದು, ಅಡ್ಡಪಟ್ಟಿ ಸೀಸದ್ದು. ಮಾಲ್ಟಾದ ಸುತ್ತ ಇಂಥ ಪಟ್ಟಿಗಳು ಎಷ್ಟೋ ಸಿಕ್ಕಿವೆ. ಕೌರಾದ ಹತ್ತಿರ ಸಿಕ್ಕಿದ ಒಂದು ಸುಮಾರು 4 ಟನ್ ತೂಗುತ್ತದೆ. ಅದು ಪೌಲನ ಹಡಗಿನದೇ ಎನ್ನಲು ಆಧಾರವಿಲ್ಲ, ಗೋಧಿ ಹಡಗಿಗೆ ಎಂಥ ಲಂಗರು ಬೇಕಿತ್ತು ಎಂದು ತಿಳಿಯಲು ಸಾಕು.

ಇಲ್ಲಿ ಇಡೀ ಪ್ರಕರಣದ ಎರಡನೇ ತಪ್ಪು. ಮೂತಿಯಿಂದಲೂ ಲಂಗರು ಚಾಚುತ್ತೇವೆ ಎಂಬ ನೆವ ಹೇಳಿ ನಾವಿಕರು ದೋಣಿ ಇಳಿಸಿದರು. ಆ ಕೆಲಸಕ್ಕೆ ದೋಣಿ ಬೇಕಾಗುವುದು ನಿಜ, ಹಾಗಾಗಿ ನೆವ ನಂಬುವಂಥದ್ದೇ. ‘ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ’ ಎಂದು ಪೌಲ ಸಿಪಾಯಿಗಳನ್ನು ಎಚ್ಚರಿಸಿದ. ಯೋನನ ಕಥೆಯ ತಿರುವುಮುರುವು ಇದು: ಅಲ್ಲಿ ಒಬ್ಬನನ್ನು ಹೊರಹಾಕಬೇಕಿತ್ತು, ಇಲ್ಲಿ ಕಸುಬು ಬಲ್ಲವರನ್ನು ಒಳಗೆ ಇಟ್ಟುಕೊಳ್ಳಬೇಕು. ಸಿಪಾಯಿಗಳು ಮಾತ್ರ ನಾವಿಕರನ್ನು ತಡೆಯುವ ಬದಲು ಹಗ್ಗವನ್ನೇ ಕತ್ತರಿಸಿ ದೋಣಿಯನ್ನು ಬಿಟ್ಟುಬಿಟ್ಟರು. ಕೌದದ ಮರೆಯಲ್ಲಿ ಅಷ್ಟು ಕಷ್ಟಪಟ್ಟು ಉಳಿಸಿದ ದೋಣಿ! ಬೆಳಗ್ಗೆ ಜನರನ್ನು ಸರದಿಯಂತೆ ದಡಕ್ಕೆ ಮುಟ್ಟಿಸುವ ಸಾಧ್ಯತೆ ಅಲ್ಲಿಗೆ ಮುಗಿಯಿತು. ಇನ್ನು ಹಡಗನ್ನೇ ನೆಲಕ್ಕೆ ಹತ್ತಿಸಬೇಕು.

ಬೆಳಕು ಹರಿಯುವ ಮೊದಲು ಪೌಲ ಎಲ್ಲರಿಗೂ ರೊಟ್ಟಿ ತಿನ್ನಿಸಿದ. ತಲೆ ಎಣಿಕೆ ಬರುವುದು ಈ ಜಾಗದಲ್ಲೇ. ಹೊಟ್ಟೆ ತುಂಬಿದ ಮೇಲೆ ಗೋಧಿ ನೀರಿಗೆ: ಹಡಗು ಹಗುರಾದಷ್ಟೂ ಕಡಿಮೆ ನೀರಿನಲ್ಲಿ ತೇಲಿ ದಡಕ್ಕೆ ಹತ್ತಿರ ಹೋಗುತ್ತದೆ. ಹದಿನಾಲ್ಕು ದಿನ ಉಪವಾಸವಿದ್ದ ತೋಳುಗಳಿಂದ ಆಗುವ ಕೆಲಸವಲ್ಲ ಅದು. ಊಟ ಮೊದಲು ಎಂದದ್ದು ಭಕ್ತಿಯಷ್ಟೇ ಲೆಕ್ಕವೂ ಹೌದು.

ಬೆಳಗಾಯಿತು. ನೆಲದ ಗುರುತು ಸಿಗಲಿಲ್ಲ, ಮರಳ ದಂಡೆಯಿದ್ದ ಒಂದು ಕೊಲ್ಲಿ ಕಂಡಿತು. ಲಂಗರುಗಳನ್ನು ಎಳೆಯದೆ ಹಗ್ಗ ಕಡಿದು ಸಮುದ್ರಕ್ಕೇ ಬಿಟ್ಟರು. ಚುಕ್ಕಾಣಿಗಳ ಕಟ್ಟು ಬಿಚ್ಚಿದರು. ಆರ್ತೆಮೋನ್ ಏರಿಸಿದರು. ಮೂರೂ ಒಂದೇ ಹೊತ್ತಿಗೆ ನಡೆಯಬೇಕು. ಹಗ್ಗ ಕಡಿದು ಹಾಯಿ ತಡವಾದರೆ ಹಡಗು ಅಡ್ಡ ಬೀಳುತ್ತದೆ. ಹಾಯಿ ಏರಿ ಚುಕ್ಕಾಣಿ ತಡವಾದರೆ ದಿಕ್ಕು ತಪ್ಪುತ್ತದೆ. ಸರಿಯಾಗಿಯೇ ಮಾಡಿದರು. ಆದರೂ ದಂಡೆ ಮುಟ್ಟಲಿಲ್ಲ. ‘ಎರಡು ಸಮುದ್ರ ಕೂಡುವ’ ಜಾಗದಲ್ಲಿ, ನೀರಿನಡಿಯ ದಿಬ್ಬಕ್ಕೆ ಮೂತಿ ಹೂತು ಅಲ್ಲಾಡದೆ ನಿಂತಿತು. ತೇಲುತ್ತಿದ್ದ ಹಿಂಭಾಗವನ್ನು ಅಲೆ ಬಡಿದು ಒಡೆಯಿತು. ಸಂತ ಪೌಲನ ಕೊಲ್ಲಿ ಎಂದು ಈಗ ಕರೆಯುವ ಕಡೆ ಸಲ್ಮೊನೆತ್ತ ಎಂಬ ಪುಟ್ಟ ದ್ವೀಪಕ್ಕೂ ನೆಲಕ್ಕೂ ನಡುವೆ ಇಂಥ ಇಕ್ಕಟ್ಟಾದ ನೀರಿದೆ.

ಕೈದಿ ತಪ್ಪಿಸಿಕೊಂಡರೆ ಕಾವಲುಗಾರನ ತಲೆಗೆ ಬರುತ್ತದೆ. ಅದಕ್ಕೆ ಕೈದಿಗಳನ್ನು ಕೊಲ್ಲೋಣ ಎಂದರು ಸಿಪಾಯಿಗಳು. ಯೂಲ್ಯ ತಡೆದು, ಈಜು ಬಲ್ಲವರು ಮೊದಲು ಹಾರಲಿ, ಉಳಿದವರು ಹಲಗೆ ಹಿಡಿದು ಬರಲಿ ಎಂದು ಆಜ್ಞೆ ಕೊಟ್ಟ. ಈಜುಗಾರರು ಮೊದಲು ದಡದಲ್ಲಿದ್ದರೆ ಹಿಂದೆ ಬರುವವರನ್ನು ಎಳೆದುಕೊಳ್ಳಲು ಕೈಗಳಿರುತ್ತವೆ. ಒಡೆದ ಹಡಗಿನ ಹಲಗೆಗಳೇ ಕೊನೆಯ ದೋಣಿಯಾದವು.

ಮಾಲ್ಟಾದಲ್ಲಿ ಮೂರು ತಿಂಗಳು ಕಳೆದರು. ಅಲ್ಲೇ ಚಳಿಗಾಲ ಕಳೆದಿದ್ದ ಇನ್ನೊಂದು ಅಲೆಕ್ಸಾಂಡ್ರಿಯದ ಹಡಗು ಹತ್ತಿದರು. ಅದರ ಮೂತಿಯಲ್ಲಿ ನಾವಿಕರನ್ನು ಕಾಯುವ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್. ಸಿಸಿಲಿಯ ಸಿರಕೂಸಿನಲ್ಲಿ ಮೂರು ದಿನ, ಆಮೇಲೆ ಇಟಲಿಯ ತೆಂಕಣ ತುದಿಯ ರೇಗಿಯೊ. ಒಂದು ದಿನ ಕಾದ ಮೇಲೆ ತೆಂಕಣ ಗಾಳಿ ಬೀಸಿತು. ಚಂದದ ರೇವಿನಲ್ಲಿ ಅವರನ್ನು ಹೊರಡಿಸಿದ ಗಾಳಿ, ಲೂಕ ಬಳಸಿದ ಪದವೂ ಅದೇ, ‘ನೋತಸ್’. ಈ ಸಲ ಅದು ತಿರುಗಲಿಲ್ಲ. ಸುಮಾರು 180 ನಾಟಿಕಲ್ ಮೈಲಿ ದಾಟಿ ಎರಡನೆಯ ದಿನ ಇಟಲಿಯ ರೇವಾದ ಪುತಿಯೋಲಿ ಮುಟ್ಟಿದರು.